ಚಾರಣದ ಸಿದ್ಧ ಆಹಾರ

ಚಾರಣದ ಸಿದ್ಧ ಆಹಾರ ಎಂದರೆ ಬೆನ್ನುಚೀಲದಲ್ಲಿ ಹೊತ್ತೊಯ್ದು, ಹಾಗೆಯೇ ಅಥವಾ ಬಿಸಿನೀರು ಬೆರೆಸಿ ಸೇವಿಸಬಹುದಾದ ಆಹಾರ.

ವಿಧಗಳು

ರಿಟಾರ್ಟ್ ಪೊಟ್ಟಣ: ಆಹಾರವನ್ನು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳ ಚೀಲದಲ್ಲಿ ಮುಚ್ಚಿ, ಒತ್ತಡದಲ್ಲಿ ಸುಮಾರು ೧೨೧ ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸೂಕ್ಷ್ಮಾಣುರಹಿತಗೊಳಿಸಲಾಗುತ್ತದೆ. ಶೈತ್ಯೀಕರಣ ಬೇಕಿಲ್ಲ, ಆದರೆ ನೀರಿನಂಶವಿರುವುದರಿಂದ ಭಾರ ಹೆಚ್ಚು. ೧೯೬೧ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ಇಂತಹ ಆಹಾರಗಳನ್ನು ಅಭಿವೃದ್ಧಿಪಡಿಸಿದೆ.

ಒಣ ಆಹಾರ: ನೀರಿನಂಶ ತೆಗೆದ ಉಪ್ಪಿಟ್ಟು, ಅನ್ನ ಮೊದಲಾದವು. ಇವು ಹಗುರ; ಆದರೆ ಸೇವಿಸಲು ನೀರೂ ಇಂಧನವೂ ಬೇಕು. ಅವಲಕ್ಕಿ, ಹುರಿಹಿಟ್ಟುಗಳನ್ನು ತಣ್ಣೀರಿನಲ್ಲಿಯೂ ಕಲಸಬಹುದು.

ಆಯ್ಕೆ

ನೀರು ಸಿಗದ ಬೆಟ್ಟಸಾಲುಗಳ ಒಂದೆರಡು ದಿನಗಳ ಚಾರಣಕ್ಕೆ ರಿಟಾರ್ಟ್ ಪೊಟ್ಟಣವೂ, ನೀರಿನಾಸರೆಯಿರುವ ದೀರ್ಘ ಚಾರಣಕ್ಕೆ ಒಣ ಆಹಾರವೂ ಸೂಕ್ತ. ಪ್ರತಿ ೩೦೦ ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಆದುದರಿಂದ ಹಿಮಾಲಯದಂತಹ ಎತ್ತರಗಳಲ್ಲಿ ಹಸಿ ಅಕ್ಕಿ, ಬೇಳೆಗಳಿಗಿಂತ ಮೊದಲೇ ಬೇಯಿಸಿ ಒಣಗಿಸಿದವು ಅನುಕೂಲಕರ. ಕೊಬ್ಬು ಗ್ರಾಂಗೆ ಸುಮಾರು ೯, ಪಿಷ್ಟ ೪ ಕಿಲೋಕ್ಯಾಲರಿ ಒದಗಿಸುವುದರಿಂದ, ಶೇಂಗಾ ಚಿಕ್ಕಿಯಂತಹ ತಿನಿಸುಗಳು ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ನೀಡುತ್ತವೆ.

ಎಚ್ಚರಿಕೆ

ಉಬ್ಬಿದ ಅಥವಾ ಸೋರುವ ಪೊಟ್ಟಣದ ಆಹಾರವನ್ನು ರುಚಿ ನೋಡಲೂ ಬಾರದು. ಅದರಲ್ಲಿ ಪ್ರಾಣಾಂತಿಕ ಬೊಟುಲಿನಮ್ ವಿಷವಿರಬಹುದು. ಖಾಲಿ ಪೊಟ್ಟಣಗಳು ಮಣ್ಣಿನಲ್ಲಿ ಕೊಳೆಯುವುದಿಲ್ಲವಾದ್ದರಿಂದ ಅವನ್ನು ಹಿಂದಕ್ಕೆ ತರಬೇಕು.