ದವಡೆ ಉಳಿಸುವ ಶಸ್ತ್ರಚಿಕಿತ್ಸೆ

ದವಡೆಯ ಕ್ಯಾನ್ಸರಲ್ಲದ ಗಡ್ಡೆ ಮತ್ತು ಸಿಸ್ಟ್‌ಗಳನ್ನು (ದ್ರವ ತುಂಬಿದ ಚೀಲಗಳು), ಮೂಳೆಯನ್ನು ತುಂಡರಿಸದೆ, ಹಲ್ಲು ಹಾಗೂ ನರಗಳನ್ನು ಆದಷ್ಟೂ ಉಳಿಸಿಕೊಂಡು ನಿವಾರಿಸುವ ವಿಧಾನ. ಇವುಗಳಲ್ಲಿ ಹೆಚ್ಚಿನವು ಹಲ್ಲು ರೂಪಿಸುವ ಅಂಗಾಂಶದ ಅವಶೇಷಗಳಿಂದ ಹುಟ್ಟುತ್ತವೆ. ಬಹುಕಾಲ ನೋವಿಲ್ಲದಿರುವುದರಿಂದ ಎಷ್ಟೋ ಸಲ ಬೇರೆ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುತ್ತವೆ.

ಕಾರ್ಲ್ ಪಾರ್ಟ್ಶ್ 1892ರಲ್ಲಿ ವಿವರಿಸಿದ ಮಾರ್ಸುಪಿಯಲೈಸೇಷನ್‌ನಲ್ಲಿ ಸಿಸ್ಟ್‌ಗೆ ಕಿಂಡಿ ತೆರೆದು, ಅದರ ಒಳಪೊರೆಯನ್ನು ಬಾಯಿಯ ಲೋಳೆಪೊರೆಗೆ ಹೊಲಿಯಲಾಗುತ್ತದೆ. ಒಳಗಿನ ಒತ್ತಡ ಇಳಿದು, ತಿಂಗಳುಗಳಲ್ಲಿ ಮೂಳೆ ತುಂಬಿಕೊಳ್ಳುತ್ತದೆ. ಎನ್ಯೂಕ್ಲಿಯೇಷನ್‌ನಲ್ಲಿ ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ.

ನಿಜವಾದ ತೊಡಕು ಓಡಾಂಟೋಜೆನಿಕ್ ಕೆರಟೋಸಿಸ್ಟ್‌ನದು. ತೆಳುವಾದ ಒಳಪೊರೆ ಹರಿದು ತುಣುಕು ಉಳಿದರೆ ಸಿಸ್ಟ್ ಮರುಕಳಿಸಬಹುದು. ಆದ್ದರಿಂದ ಉಳಿದ ಕೋಶಗಳನ್ನು ನಾಶಪಡಿಸಲು ಸುತ್ತಲ ಮೂಳೆಯನ್ನು ಬರ್‌ನಿಂದ (ತಿರುಗುವ ಕೊರೆಮೊನೆ) ತೆಳುವಾಗಿ ಕೆರೆಯುವುದು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಕಾರ್ನಾಯ್ ದ್ರಾವಣವೆಂಬ ರಾಸಾಯನಿಕ ಹಚ್ಚುವುದು ರೂಢಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗಡ್ಡೆಯೆಂದು ವರ್ಗೀಕರಿಸಿ, 2017ರಲ್ಲಿ ಮತ್ತೆ ಸಿಸ್ಟ್‌ಗಳ ಸಾಲಿಗೆ ಸೇರಿಸಿತು.

ಅಮೆಲೋಬ್ಲಾಸ್ಟೋಮಾ ಎಂಬ ದವಡೆಯ ಗಡ್ಡೆಯಲ್ಲಿ ದವಡೆ ಉಳಿಸುವ ವಿಧಾನಕ್ಕೆ ಮಿತಿಯಿದೆ. ಒಂದೇ ಸಿಸ್ಟ್‌ನಂತಿರುವ ಬಗೆಗೆ, ಮುಖ್ಯವಾಗಿ ಮಕ್ಕಳಲ್ಲಿ, ಇದು ಒಪ್ಪುತ್ತದೆ. ಸಾಮಾನ್ಯ ಬಗೆಯ ಕೋಶಗಳು ಸ್ಪಂಜಿನಂಥ ಮೂಳೆಯೊಳಗೆ ಹಬ್ಬುವುದರಿಂದ, ಬರಿದೆ ಕೆರೆದು ತೆಗೆಯುವುದು ಸಾಲದು. ಅಲ್ಲಿ ಸುತ್ತಲಿನ 1ರಿಂದ 2 ಸೆಂ.ಮೀ. ಆರೋಗ್ಯವಂತ ಮೂಳೆಯೊಂದಿಗೆ ಛೇದನ ಮಾಡುವುದು ವಾಡಿಕೆ.

ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು (1958), ಮಣಿಪಾಲ ದಂತ ಕಾಲೇಜು (1965) ಮೊದಲಾದೆಡೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಶಿಕ್ಷಣವಿದೆ. ಕೆರಟೋಸಿಸ್ಟ್, ಅಮೆಲೋಬ್ಲಾಸ್ಟೋಮಾಗಳಲ್ಲಿ ಚಿಕಿತ್ಸೆಯಾದ ಹತ್ತು ವರ್ಷಗಳ ನಂತರವೂ ಮರುಕಳಿಕೆ ಕಂಡುಬಂದಿರುವುದರಿಂದ ದೀರ್ಘಕಾಲ ಎಕ್ಸ್‌ರೇ ತಪಾಸಣೆ ಕಡ್ಡಾಯ.