ಒಂದು ಮನೆಯವರು ಯಾರು?

ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುವವರನ್ನು ನಾವು ಒಂದು ಮನೆಯವರೆನ್ನುತ್ತೇವೆ. ಅಮೆರಿಕದ ಅನೇಕ ಊರುಗಳಲ್ಲಿ ಅದನ್ನು ತೀರ್ಮಾನಿಸಿದ್ದು ಸ್ಥಳೀಯಾಡಳಿತದ ವಲಯ ನಿಯಮ.

ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಸುಮಾರು 220 ಮನೆಗಳ, 700 ಜನರ ಪುಟ್ಟ ಊರಾಗಿತ್ತು. ರಕ್ತ, ಮದುವೆ, ದತ್ತಿನ ಸಂಬಂಧಿಗಳು ಎಷ್ಟು ಮಂದಿಯಾದರೂ ಒಟ್ಟಿಗಿರಬಹುದು. ಸಂಬಂಧವಿಲ್ಲದವರು ಇಬ್ಬರೇ ಇರಬೇಕು ಎಂಬುದು ಅಲ್ಲಿನ ನಿಯಮ. ಆರು ವಿದ್ಯಾರ್ಥಿಗಳು ಕೂಡಿ ಬಾಡಿಗೆ ಮನೆ ಹಿಡಿದಾಗ ತಕರಾರು ಎದ್ದಿತು. 1974ರಲ್ಲಿ ಸುಪ್ರೀಂ ಕೋರ್ಟು ಊರಿನ ಪರ ನಿಂತಿತು. ನೆಮ್ಮದಿಯ ಬಡಾವಣೆಯನ್ನು ಬಯಸುವುದು ತಪ್ಪಲ್ಲ ಎಂದರು ನ್ಯಾಯಮೂರ್ತಿ ಡಗ್ಲಸ್. ಯಾರೊಂದಿಗೆ ಬಾಳಬೇಕೆಂಬ ಆಯ್ಕೆ ಮೂಲಭೂತ ಹಕ್ಕು ಎಂಬ ಥರ್ಗುಡ್ ಮಾರ್ಷಲ್‌ರ ವಾದ ಭಿನ್ನಮತವಾಗಿ ಉಳಿಯಿತು.

ಓಹಾಯೋದ ಈಸ್ಟ್ ಕ್ಲೀವ್‌ಲ್ಯಾಂಡ್‌ನಲ್ಲಿ ಇಂಥದೇ ನಿಯಮ ರಕ್ತ ಸಂಬಂಧವನ್ನೂ ಬಿಡಲಿಲ್ಲ. ಈನೆಜ್ ಮೂರ್ ಎಂಬ ಅಜ್ಜಿ ತಾಯಿ ತೀರಿಹೋದ ಮೊಮ್ಮಗನನ್ನು ಸಾಕುತ್ತಿದ್ದರು. ಜೊತೆಗೆ ಮಗ ಮತ್ತು ಅವನ ಮಗನೂ ಇದ್ದರು. ಮೊಮ್ಮಕ್ಕಳಿಬ್ಬರೂ ಒಡಹುಟ್ಟಿದವರಲ್ಲವೆಂಬ ಕಾರಣಕ್ಕೆ ಇದು ಕುಟುಂಬವಲ್ಲ ಎಂದಿತು ಊರು. ಅಜ್ಜಿಗೆ 5 ದಿನ ಜೈಲು, 25 ಡಾಲರ್ ದಂಡ! 1977ರಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಶಿಕ್ಷೆಯನ್ನು ರದ್ದುಮಾಡಿತು.

ಕೂಡುಕುಟುಂಬದಲ್ಲಿ ಬೆಳೆದ ನಮಗೆ ಅಜ್ಜಿಯ ಗೆಲುವು ಸಂತೋಷ ಕೊಡುತ್ತದೆ. ಆದರೆ ಅವರನ್ನು ಉಳಿಸಿದ್ದು ರಕ್ತ ಸಂಬಂಧ. ಬಾಡಿಗೆ ಹಂಚಿಕೊಂಡು ಬದುಕುವ ವಿದ್ಯಾರ್ಥಿಗೆ, ಕೂಲಿಕಾರನಿಗೆ ಆ ಆಸರೆ ಇಲ್ಲ. 2021ರಲ್ಲಿ ವಾಷಿಂಗ್ಟನ್, ಆರೆಗಾನ್, 2024ರಲ್ಲಿ ಕೊಲರಾಡೊ ರಾಜ್ಯಗಳು ಇಂಥ ಮಿತಿಗಳಿಗೆ ತಡೆ ಹಾಕಿದವು. ಬೆಲ್ ಟೆರ್ ತೀರ್ಪು ಮಾತ್ರ ಇನ್ನೂ ರದ್ದಾಗಿಲ್ಲ. ಗದ್ದಲವಾದರೆ ಗದ್ದಲವನ್ನು ತಡೆಯೋಣ. ಬಾಗಿಲಲ್ಲಿ ನಿಂತು ಸಂಬಂಧ ಕೇಳುವುದೇಕೆ?