ಶ್ರೋತೃವಿನ ಸಾಕ್ಷ್ಯ: ಕಿವಿಯೊಳಗಣ ಶ್ರವಣಸಾಧನದ ಚರಿತ್ರೆಯಲ್ಲಿ ಕೆಲವು ವಿಚಾರಗಳು

ಬೀದರ ಜಿಲ್ಲೆಯ ಔರಾದ ತಾಲ್ಲೂಕಿಗೆ ಸೇರಿದ ಚಿಂತಾಕಿಯು ತೆಲಂಗಾಣದ ಗಡಿಗೆ ಸಮೀಪವಾದ ಗ್ರಾಮ. ಅಲ್ಲಿಯ ತರುಣರಲ್ಲಿ ಕೆಲವರು ಉದ್ಯೋಗನಿಮಿತ್ತವಾಗಿ ಹೈದರಾಬಾದಿನಲ್ಲಿ ನೆಲಸಿ ಹಬ್ಬಹರಿದಿನಗಳಿಗೆ ಊರಿಗೆ ಬರುವರು. ಕಳೆದ ದೀಪಾವಳಿಯ ಬಿಡುವಿನಲ್ಲಿ ಈ ಲೇಖಕನು ತನ್ನ ಹಿಂದಿನ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದಾಗ ಪಡಸಾಲೆಯಲ್ಲಿ ಅಂಥ ನಾಲ್ವರು ಕಲೆತು ಒಂದು ವಿಚಿತ್ರವಾದ ಪರೀಕ್ಷೆಯಲ್ಲಿ ತೊಡಗಿದ್ದುದು ಕಂಡುಬಂದಿತು. ಅವರ ಮುಂದೆ ಕಿವಿಯ ರಂಧ್ರದೊಳಗೆ ಇಟ್ಟುಕೊಳ್ಳುವ ಮೂರು ಜೊತೆ ಇಯರ್‌ಫೋನುಗಳಿದ್ದುವು. ಒಂದರ ಬೆಲೆ 800 ರೂಪಾಯಿಯ ಆಸುಪಾಸು. ಇನ್ನೊಂದರದು ಅದರ ಐವತ್ತು ಮಡಿ. ಮಲ್ಲಿಕಾರ್ಜುನ ಮನ್ಸೂರರ ಒಂದೇ ಧ್ವನಿಮುದ್ರಣವನ್ನು ಮೂರರಲ್ಲಿಯೂ ಸರದಿಯಂತೆ ಕೇಳಿ, ಒಬ್ಬೊಬ್ಬನೂ ತನ್ನ ಅಭಿಪ್ರಾಯವನ್ನು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದನು. ಸ್ವರದ ವಿಷಯದಲ್ಲಿ ನಾಲ್ವರದು ನಾಲ್ಕು ಮತ. ಆದರೆ ಅತ್ಯಂತ ಬೆಲೆಯುಳ್ಳ ಜೊತೆಯು ಇಪ್ಪತ್ತು ನಿಮಿಷಗಳಲ್ಲಿ ಕಿವಿಯನ್ನು ನೋಯಿಸುವುದೆಂಬ ವಿಷಯದಲ್ಲಿ ಮೂವರು ಒಮ್ಮತದಿಂದಿದ್ದರು.

ಇತಿಹಾಸದ ಅಧ್ಯಾಪಕನಿಗೆ ಇಂಥ ನೋಟುಬುಕ್ಕು ಒಂದು ದಾಖಲೆಯಾಗಿ ಕಾಣುವುದು ಸಹಜ. ಕಂಡವನ ಸಾಕ್ಷ್ಯವನ್ನು ಹೇಗೆ ತೂಗಬೇಕೆಂಬ ವಿಷಯದಲ್ಲಿ ನಮ್ಮ ಶಾಸ್ತ್ರದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಕೇಳಿದವನ ಸಾಕ್ಷ್ಯದ ವಿಷಯದಲ್ಲಿ ಅಷ್ಟು ನಡೆದಂತೆ ತೋರುವುದಿಲ್ಲ. ರಸಿಕನೊಬ್ಬನು ಒಂದು ಯಂತ್ರದ ನಾದವು ಶ್ರೇಷ್ಠವೆಂದೂ ಮತ್ತೊಂದು ತೊಡಲು ಸುಖಕರವೆಂದೂ ಹೇಳಿದಾಗ ಈ ಎರಡು ಮಾತುಗಳಿಗೆ ಒಂದೇ ಬಗೆಯ ಪ್ರಾಮಾಣ್ಯವನ್ನು ಕೊಡಬಹುದೆ? ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ಈ ಸಾಧನದ ಚರಿತ್ರೆಯ ಮೂಲಕ ಪರಿಶೀಲಿಸಲು ಯತ್ನಿಸಲಾಗಿದೆ.

ಕಿವಿಯೊಳಗಿನ ಇಯರ್‌ಫೋನನ್ನು ನಮ್ಮ ಕಾಲದ ಸೃಷ್ಟಿಯೆಂದು ಭಾವಿಸುವುದು ಸಾಮಾನ್ಯ. ಇದು ಸರಿಯಲ್ಲ. ಫ್ರಾನ್ಸಿನ ವೈದ್ಯ ಲೆನೆಕ್ಕನು 1816ರಲ್ಲಿ ಸ್ಟೆಥಾಸ್ಕೋಪನ್ನು ರೂಪಿಸಿದ ತರುವಾಯ, ಶಬ್ದವನ್ನು ನಳಿಕೆಯ ಮೂಲಕ ಒಬ್ಬನ ಕಿವಿಗೆ ಮಾತ್ರ ತಲಪಿಸುವ ಕ್ರಮವು ವೈದ್ಯರಿಗೆ ಪರಿಚಿತವಾಯಿತು. ಎಡಿಸನ್ನನ ಫೋನೋಗ್ರಾಫು ಬಳಕೆಗೆ ಬಂದ ಮೇಲೆ ಅಮೆರಿಕದ ನಗರಗಳಲ್ಲಿ ಜನರು ನಾಣ್ಯವನ್ನು ಹಾಕಿ ಕಿವಿಗೆ ರಬ್ಬರು ನಳಿಕೆಗಳನ್ನು ಸೇರಿಸಿಕೊಂಡು ಸಂಗೀತವನ್ನು ಕೇಳುತ್ತಿದ್ದರು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೆರ್ ಎಂಬಾತನು ನಾಟಕಶಾಲೆಯ ಗಾಯನವನ್ನು ದೂರವಾಣಿಯ ತಂತಿಯ ಮೂಲಕ ತಂದು, ಎರಡು ಕಿವಿಗಳಿಗೆ ಎರಡು ಪ್ರತ್ಯೇಕ ಗ್ರಾಹಕಗಳನ್ನು ಒದಗಿಸಿದನು. ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು 1891ರ ಒಂದು ಪೇಟೆಂಟು. ಅದನ್ನು ಪಡೆದವನು ಎರ್ನೆಸ್ಟ್ ಮೆರ್ಕಾದಿಯೆ ಎಂಬ ಫ್ರೆಂಚ್ ಎಂಜಿನಿಯರು. ಎರಡು ಚಿಕ್ಕ ಗ್ರಾಹಕಗಳನ್ನು ಕಿವಿಯ ರಂಧ್ರದಲ್ಲಿಯೇ ನಿಲ್ಲಿಸುವ ಅವನ ಸಾಧನದ ಒಟ್ಟು ತೂಕ ಸುಮಾರು 50 ಗ್ರಾಮು ಮಾತ್ರ. ಕಿವಿಗೆ ಉಜ್ಜದಿರಲೆಂದೂ, ಹೊರಗಣ ಶಬ್ದವನ್ನು ತಡೆಯಲೆಂದೂ ಅವನು ಅವುಗಳ ತುದಿಗೆ ರಬ್ಬರಿನ ಹೊದಿಕೆಯನ್ನು ಹಾಕಿದನು. ಒಂದೇ ರಬ್ಬರು ತುಂಡು ಸುಖಕ್ಕೂ ಸ್ವರಕ್ಕೂ ಏಕಕಾಲದಲ್ಲಿ ಸಾಧನವಾಯಿತೆಂಬುದನ್ನು ವಾಚಕರು ಗಮನಿಸಬೇಕು. ಚಿಂತಾಕಿಯ ತರುಣರು ತಮ್ಮ ಮುಂದೆ ಹರಡಿಕೊಂಡಿದ್ದ ಸಿಲಿಕೋನ್ ಮತ್ತು ಫೋಮ್ ತುದಿಗಳು ಆ ರಬ್ಬರಿನ ವಂಶಜಗಳೇ ಆಗಿವೆ.

ಮುಂದಿನ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್ವಿನ್ನನು ತನ್ನ ಅಡಿಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಅಲ್ಲಿಯ ನೌಕಾಪಡೆಯು ಕೊಂಡಿತು. ತರುವಾಯ ಬಂದ ಸ್ಫಟಿಕ ರೇಡಿಯೋಗಳಿಗೆ ವಿದ್ಯುಚ್ಛಕ್ತಿಯೇ ಬೇಕಿರಲಿಲ್ಲ. ಆದರೆ ಅವುಗಳ ಕ್ಷೀಣವಾದ ಧ್ವನಿಯನ್ನು ಹೆಡ್‌ಫೋನಿಲ್ಲದೆ ಕೇಳುವಂತಿರಲಿಲ್ಲ. ಇಂಥ ಸ್ಫಟಿಕ ಗ್ರಾಹಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದವರು ನಮ್ಮ ಜಗದೀಶಚಂದ್ರ ಬೋಸರು. ಮನೆಯಲ್ಲಿ ನಾಲ್ಕು ಜನರಿದ್ದರೆ ಹೆಡ್‌ಫೋನನ್ನು ಒಂದು ಬೋಗುಣಿಯೊಳಗಿಟ್ಟು ಸುತ್ತಲೂ ಕುಳಿತು ಕೇಳುವ ಉಪಾಯವೂ ಆ ದಿನಗಳಲ್ಲಿ ಬಳಕೆಯಲ್ಲಿತ್ತು.

ಕನ್ನಡನಾಡಿನಲ್ಲಿ ಬಾನುಲಿಯು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದನ್ನು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರೇಷಕದಿಂದ ನಡೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರರಾಗಿರಲಿಲ್ಲ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕೇಳುವುದೆಂಬ ಕ್ರಿಯೆಯು ಯಂತ್ರದಷ್ಟೇ ಮನಸ್ಸಿಗೂ ಸೇರಿದ್ದೆಂಬುದಕ್ಕೆ ಇದೊಂದು ಆಕಸ್ಮಿಕವಾದರೂ ಅರ್ಥವತ್ತಾದ ನಿದರ್ಶನ. ಅದೇ ವರ್ಷ ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೋ ಪ್ರಸಾರವನ್ನು ಆರಂಭಿಸಿತು. 1948ರವರೆಗೆ ನಿಜಾಮರ ಆಳ್ವಿಕೆಗೂ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದ ಬೀದರಿನವರಿಗೆ ಮೈಸೂರಿಗಿಂತ ಅದು ಬಹಳ ಹತ್ತಿರದ ಕೇಂದ್ರವಾಗಿತ್ತು. ಕಲಬುರಗಿಯಲ್ಲಿ ಆಕಾಶವಾಣಿಯ ಕೇಂದ್ರವು ಸ್ಥಾಪಿತವಾದುದು 1966ರಲ್ಲಿ. ಅಷ್ಟರಲ್ಲಿ ಶ್ರವಣವು ಹೆಡ್‌ಫೋನಿನಿಂದ ಬಿಡುಗಡೆಹೊಂದಿ ಸಾಮೂಹಿಕವಾಗಿತ್ತು. 1956ರಲ್ಲಿ ಅಂದಿನ ಮುಂಬಯಿ ರಾಜ್ಯದ 5 ಜಿಲ್ಲೆಗಳ 150 ಗ್ರಾಮಗಳಲ್ಲಿ ಯುನೆಸ್ಕೋ ಸಂಸ್ಥೆಯ ನೆರವಿನಿಂದ ನಡೆದ ಬಾನುಲಿ ಕೃಷಿಕೂಟಗಳ ಪ್ರಯೋಗವು ಜನರು ಒಟ್ಟಿಗೆ ಕುಳಿತು ಕೇಳಿ, ಕೇಳಿದುದನ್ನು ಚರ್ಚಿಸುವ ಪದ್ಧತಿಯನ್ನೇ ಆಧಾರವಾಗಿ ಇಟ್ಟುಕೊಂಡಿತ್ತು. ಆ ಕಾಲದ ಶ್ರೋತೃವು ನಾದದ ಗುಣವನ್ನು ತೂಗುತ್ತಿರಲಿಲ್ಲ. ಮಾತು ತಿಳಿಯುವುದೆ, ಗೊರಗೊರ ಸದ್ದು ಹೆಚ್ಚಾಗಿದೆಯೆ ಎಂಬಷ್ಟೇ ಅವನ ವಿಮರ್ಶೆ. ಟ್ರಾನ್ಸಿಸ್ಟರಿನ ಪೆಟ್ಟಿಗೆಯೊಡನೆ ಒಂಟಿ ಕಿವಿಯ ಇಯರ್‌ಫೋನು ಬಂದಾಗಲೂ ಅದನ್ನು ಯಾರೂ ರಸಾಸ್ವಾದನೆಯ ಉಪಕರಣವೆಂದು ಎಣಿಸಲಿಲ್ಲ. 1979ರ ಜುಲೈಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿ ವಾಕ್‌ಮನ್ ಯಂತ್ರದಲ್ಲಿಯೂ ಇಬ್ಬರು ಕೂಡಿ ಕೇಳಲೆಂದು ಎರಡು ಹೆಡ್‌ಫೋನುಗಳಿಗೆ ರಂಧ್ರಗಳಿದ್ದುವು. ಒಬ್ಬನೇ ಕೇಳುವುದು ಅಸಭ್ಯತೆಯೆನಿಸೀತೆಂಬ ಸಂಕೋಚವು ತಯಾರಕರಿಗೂ ಇತ್ತೆಂದು ಇದರಿಂದ ಊಹಿಸಬಹುದು.

ಇಂದಿನ ಉತ್ತಮ ದರ್ಜೆಯ ಇಯರ್‌ಫೋನು ಈ ವಾಕ್‌ಮನ್ನಿನ ಶಾಖೆಯಲ್ಲಿ ಹುಟ್ಟಿದುದಲ್ಲ. ಅದರ ತೌರುಮನೆ ಶ್ರವಣದೋಷದ ಚಿಕಿತ್ಸೆ. ಷಿಕಾಗೋ ಸಮೀಪದಲ್ಲಿ ಹ್ಯೂ ನೋಲ್ಸ್ ಎಂಬಾತನು 1946ರಲ್ಲಿ ಸ್ಥಾಪಿಸಿದ ಉದ್ಯಮವು ಕಿವುಡರ ಶ್ರವಣಯಂತ್ರಗಳಿಗಾಗಿ ಅತಿ ಸೂಕ್ಷ್ಮವಾದ ಧ್ವನಿಜನಕಗಳನ್ನು ತಯಾರಿಸುತ್ತಿತ್ತು. ಶ್ರವಣವಿಜ್ಞಾನಿ ಮೀಡ್ ಕಿಲಿಯನ್ನನು ಆ ವಿದ್ಯೆಯನ್ನು ಸಂಗೀತಶ್ರವಣಕ್ಕೆ ತಿರುಗಿಸಿ, 1991ರಲ್ಲಿ ಎಟಿಮೋಟಿಕ್ ಸಂಸ್ಥೆಯ ಇಆರ್-4 ಎಂಬ ಇಯರ್‌ಫೋನನ್ನು ಹೊರತಂದನು. 1995ರಲ್ಲಿ ಜೆರಿ ಹಾರ್ವೆ ಎಂಬ ಧ್ವನಿತಂತ್ರಜ್ಞನು ವ್ಯಾನ್ ಹೇಲನ್ ವಾದ್ಯವೃಂದದ ಡ್ರಮ್ಮು ಬಾರಿಸುವವನಿಗಾಗಿ ಅವನ ಕಿವಿಯ ಅಚ್ಚಿನಿಂದಲೇ ಇಯರ್‌ಫೋನನ್ನು ಮಾಡಿಕೊಟ್ಟನು. ಕಿವಿಯ ಅಚ್ಚನ್ನು ತೆಗೆಯುವ ಈ ಕೌಶಲವು ನಮ್ಮ ರಾಜ್ಯಕ್ಕೆ ಅಪರಿಚಿತವಾದುದಲ್ಲ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ, ಇಂದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೆಂದು ಪ್ರಸಿದ್ಧವಾಗಿರುವ ಕೇಂದ್ರದಲ್ಲಿ ಶ್ರವಣದೋಷವುಳ್ಳವರ ಕಿವಿಗೆ ಅಚ್ಚು ತೆಗೆದು ಅದಕ್ಕೆ ತಕ್ಕ ಮುಚ್ಚಳವನ್ನು ತಯಾರಿಸುವರು. ರಸಿಕನು ಸಾವಿರಾರು ರೂಪಾಯಿ ತೆತ್ತು ಮಾಡಿಸಿಕೊಳ್ಳುವ ಅಚ್ಚೂ, ಕಿವುಡನಿಗೆ ಅಲ್ಲಿ ಮಾಡಿಕೊಡುವ ಅಚ್ಚೂ ತತ್ತ್ವದಲ್ಲಿ ಒಂದೇ.

ಈ ಮೂಲವನ್ನು ನೆನಪಿನಲ್ಲಿಟ್ಟರೆ ಚಿಂತಾಕಿಯ ನೋಟುಬುಕ್ಕಿನ ಒಗಟು ಬಹುಮಟ್ಟಿಗೆ ಬಿಡಿಸಿಕೊಳ್ಳುವುದು. ಮನುಷ್ಯನ ಕರ್ಣನಾಳವು ಸುಮಾರು 25 ಮಿಲಿಮೀಟರು ಉದ್ದವಾಗಿದ್ದು, ಒಂದು ತುದಿ ಮುಚ್ಚಿದ ಕೊಳಲಿನಂತೆ 3,000 ಹರ್ಟ್ಸಿನ ಆಸುಪಾಸಿನಲ್ಲಿ ಶಬ್ದವನ್ನು ತಾನಾಗಿ ಹಿಗ್ಗಿಸುವುದು. ಇಯರ್‌ಫೋನು ಆ ನಾಳವನ್ನು ಮುಚ್ಚಿದೊಡನೆ ಈ ಸಹಜವಾದ ಹಿಗ್ಗು ಕೆಡುವುದರಿಂದ, ತಯಾರಕನು ಅದನ್ನು ತಾನೇ ತುಂಬಿಕೊಡಬೇಕು. ಎಷ್ಟು ತುಂಬಬೇಕೆಂಬುದು ಅವರವರ ಕಿವಿಯ ಆಕಾರವನ್ನು ಅನುಸರಿಸಿರುವುದು. ಇದಲ್ಲದೆ ತುದಿಯ ರಬ್ಬರು ನಾಳದ ಗೋಡೆಗೆ ಬಿಗಿಯಾಗಿ ಕೂಡದೆ ಕೂದಲೆಳೆಯಷ್ಟು ಸಂದು ಉಳಿದರೂ ಮಂದ್ರಸ್ವರಗಳು ಸೋರಿಹೋಗುವುವು. ಆದುದರಿಂದ ಒಬ್ಬನು ಬರೆದ ‘ಮಂದ್ರ ಗಂಭೀರವಾಗಿದೆ’ ಎಂಬ ಮಾತೂ, ಮತ್ತೊಬ್ಬನು ಬರೆದ ‘ಬರಿಯ ಕೀರಲು’ ಎಂಬ ಮಾತೂ ಎರಡೂ ಸತ್ಯವಾಗಿರಬಹುದು. ಸಾಕ್ಷಿಗಳು ಸುಳ್ಳಾಡಿಲ್ಲ, ಅವರು ಕೇಳಿದುದೇ ಬೇರೆ ಬೇರೆ. ನನ್ನ ವಿದ್ಯಾರ್ಥಿಗೆ ಒಂದು ಅಳತೆ ದೊಡ್ಡದಾದ ತುದಿಯನ್ನು ಹಾಕಿಕೊಳ್ಳಲು ಹೇಳಿದಾಗ ಅವನು ತನ್ನ ಮೊದಲಿನ ಬರವಣಿಗೆಯನ್ನು ಹೊಡೆದುಹಾಕಿದನು. ಆದರೆ ನೋವು ಹತ್ತು ನಿಮಿಷ ಮೊದಲೇ ಬಂದಿತು.

ನಾದವನ್ನು ತೂಗುವ ವ್ಯವಸಾಯ ನಮ್ಮಲ್ಲಿ ಹೊಸದೇನಲ್ಲ. ಧಾರವಾಡದ ಕಡೆಯ ಗಾಯಕರು ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನೆಳೆಯನ್ನು ಒಂದಿಷ್ಟು ಸರಿಸಿ, ಝೇಂಕಾರವು ಹೊಮ್ಮುವವರೆಗೆ ತಾಳ್ಮೆಯಿಂದ ಹುಡುಕುವುದನ್ನು ಕಂಡವರಿಗೆ ಇದು ಗೊತ್ತು. ಆ ಎಳೆಯನ್ನು ‘ಜೀವಾಳಿ’ ಎಂದು ಕರೆಯುವರು. ತಂಬೂರಿ ಮತ್ತು ವೀಣೆಗಳ ಕುದುರೆಯು ತಂತಿಯಿಂದ ಸಾಮಾನ್ಯ ನಿಯಮಕ್ಕೆ ವಿರುದ್ಧವಾಗಿ ಸಮೃದ್ಧವಾದ ಮೇಳಸ್ವರಗಳನ್ನು ಹೊರಡಿಸುವುದೆಂಬುದನ್ನು ಸರ್ ಸಿ. ವಿ. ರಾಮನ್ನರು 1921ರಲ್ಲಿ ಪ್ರಕಟಿಸಿದರು. ಅಂದರೆ ಗಾಯಕನ ಕಿವಿಯು ಮೊದಲೇ ಕಂಡುಕೊಂಡುದನ್ನು ವಿಜ್ಞಾನವು ತರುವಾಯ ವಿವರಿಸಿತು. ಇಲ್ಲಿ ಕಿವಿಯ ಸಾಕ್ಷ್ಯಕ್ಕೆ ಗೆಲುವು.

ಹೀಗೆಂದು ಇಯರ್‌ಫೋನಿನ ರಸಿಕರ ತೀರ್ಪನ್ನೂ ಅದೇ ಪಂಕ್ತಿಯಲ್ಲಿ ಕೂರಿಸುವುದು ಅವಸರದ ಮಾತಾದೀತು. ಬೀದರಿನ ಬಿದರಿ ಕುಶಲಿಗಳು ಕೋಟೆಯ ಹಳೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿನೋಡಿ ಆರಿಸುವರು. ಸತುವು ಮತ್ತು ತಾಮ್ರಗಳ ಮಿಶ್ರಣದಿಂದ ಎರಕಹೊಯ್ದ ಪಾತ್ರೆಯನ್ನು ಆ ಮಣ್ಣು ಬೆರೆತ ದ್ರಾವಣದಲ್ಲಿ ಅದ್ದಿದಾಗ ಲೋಹವು ಕಪ್ಪಾಗಿ, ಬೆಳ್ಳಿಯ ಕೆತ್ತನೆ ಮಾತ್ರ ಬೆಳಗುವುದು. ನಾಲಗೆಯು ತಪ್ಪಿದ್ದರೆ ಪಾತ್ರೆಯೇ ಹೇಳಿಬಿಡುವುದು. ಕುಶಲಿಯ ಇಂದ್ರಿಯಸಾಕ್ಷ್ಯಕ್ಕೆ ಹೀಗೆ ಹೊರಗಿನ ಒಂದು ಒರೆಗಲ್ಲುಂಟು. ಇಯರ್‌ಫೋನಿನ ಸ್ವರವು ‘ವಿಶಾಲ’ವೆಂದೋ ‘ಬೆಚ್ಚಗಿದೆ’ಯೆಂದೋ ಹೇಳುವವನಿಗೆ ಅಂಥ ಒರೆಗಲ್ಲಿಲ್ಲ. ಬೆಲೆಯನ್ನು ಮೊದಲೇ ತಿಳಿದು ಕೇಳಿದವನ ಕಿವಿಯು ಬೆಲೆಯನ್ನೂ ಕೇಳುವುದು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕನು 283 ಹೆಡ್‌ಫೋನುಗಳ ಅಳತೆಗಳನ್ನು ಹೋಲಿಸಿ, ಅವುಗಳ ಸ್ವರಸಮತೋಲಕ್ಕೂ ಮಾರಾಟದ ಬೆಲೆಗೂ ಸಂಬಂಧವಿಲ್ಲವೆಂದು ತೋರಿಸಿದನು. ಹರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಸಹೋದ್ಯೋಗಿಗಳು ಯಂತ್ರದ ಹೆಸರು, ರೂಪಗಳನ್ನು ಮರೆಮಾಡಿ ನಡೆಸಿದ ಪರೀಕ್ಷೆಗಳಲ್ಲಿ, ಹೆಚ್ಚಿನ ಶ್ರೋತೃಗಳು ಒಪ್ಪುವ ಸ್ವರಸಮತೋಲವೊಂದಿದೆಯೆಂಬುದು ಕಂಡುಬಂದಿತು. ಆದರೆ ಆಲಿವ್ ಮುಂತಾದವರ ರೇಖಾಚಿತ್ರಗಳನ್ನೇ ವೇದವಾಕ್ಯವಾಗಿ ಹಿಡಿಯುವ ರಸಿಕರ ಪಂಥವನ್ನೂ ಈ ಲೇಖಕನು ಪೂರ್ತಿಯಾಗಿ ಒಪ್ಪಲಾರನು. ಆ ರೇಖೆಯನ್ನು ಅಳೆಯುವುದು ಕೃತಕ ಕಿವಿಯಲ್ಲಿ. ಕೃತಕ ಕಿವಿಗೆ ನೋವಿಲ್ಲ.

ಸುಖದ ವಿಷಯದಲ್ಲಿ ಸಾಕ್ಷ್ಯದ ಸ್ವರೂಪವೇ ಬೇರೆ. ಕಿವಿ ನೋಯುತ್ತಿದೆಯೆಂದು ಹೇಳುವವನ ಮಾತಿಗೆ ಅವನಿಗಿಂತ ಮೇಲಾದ ಪ್ರಮಾಣವಿಲ್ಲ. ಬೆಲೆಯಿಂದ ನೋವು ಕಡಮೆಯಾಗುವುದೂ ಇಲ್ಲ. ನಾಲ್ವರಲ್ಲಿ ಮೂವರು ಒಂದೇ ಜೊತೆಯನ್ನು ದೂರಿದುದಕ್ಕೆ, ಅದೇ ನಾಲ್ವರು ಸ್ವರದ ಬಗೆಗೆ ಬರೆದ ಎರಡು ಪುಟಗಳಿಗಿಂತ ಹೆಚ್ಚಿನ ಮೌಲ್ಯವುಂಟೆಂದು ನನ್ನ ಅಭಿಪ್ರಾಯ. ಇದು ಕೇವಲ ಸುಖದ ಮಾತೂ ಅಲ್ಲ. ನೋವಿಗಾಗಿ ತುದಿಯನ್ನು ಸಡಿಲವಾಗಿ ಇಟ್ಟುಕೊಂಡವನು ಹೊರಗಿನ ಗದ್ದಲವನ್ನು ಮೀರಲು ಧ್ವನಿಯನ್ನು ಹೆಚ್ಚಿಸುವನು. ಔರಾದಿನಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಪಕ್ಕದವನ ಇಯರ್‌ಫೋನಿನ ಹಾಡು ನಮಗೂ ಕೇಳಿಸುವುದು ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ವಯಸ್ಕನು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದು. ಮಕ್ಕಳಿಗೆ ಈ ಮಟ್ಟವು 75 ಡೆಸಿಬೆಲ್. ಚೆನ್ನಾಗಿ ಹೊಂದಿ ಕೂಡುವ ತುದಿಯು ಗದ್ದಲವನ್ನು ತಡೆದು, ಕಡಮೆ ಧ್ವನಿಯಲ್ಲಿಯೇ ಕೇಳುಗನಿಗೆ ತೃಪ್ತಿಯನ್ನು ಕೊಡುವುದು.

ಆ ದಿನ ಪಡಸಾಲೆಯ ಮೂಲೆಯಲ್ಲಿ ಮನೆಯ ಅಜ್ಜನವರು ಕುಳಿತಿದ್ದರು. ಅವರಿಗೆ ಕಿವಿ ಮಂದವಾಗಿ ಹಲವು ವರ್ಷಗಳಾಗಿವೆ. ಒಂದು ಶಿಬಿರದಲ್ಲಿ ಕೊಟ್ಟ ಶ್ರವಣಯಂತ್ರವು ಗೂಡಿನಲ್ಲಿ ಡಬ್ಬಿಯ ಸಹಿತ ಇದ್ದಿತು. ಅದನ್ನು ಏಕೆ ಹಾಕಿಕೊಳ್ಳುವುದಿಲ್ಲವೆಂದು ಬರೆದು ಕೇಳಲಾಗಿ, ಕಿವಿ ಒತ್ತುವುದೆಂದೂ, ತಮ್ಮ ಮಾತೇ ಬಾವಿಯೊಳಗಿಂದ ಬಂದಂತೆ ತಮಗೆ ಕೇಳುವುದೆಂದೂ ಹೇಳಿದರು. ಮುಚ್ಚಿದ ಕಿವಿಯಲ್ಲಿ ಸ್ವಂತ ಧ್ವನಿಯು ಮೊಳಗುವುದು ಶ್ರವಣವಿಜ್ಞಾನಕ್ಕೆ ತಿಳಿದ ಸಂಗತಿಯೇ. ಹಾಗೆ ನೋಡಿದರೆ ಆ ಮನೆಯಲ್ಲಿ ನಾನು ಕೇಳಿದ ವಿಮರ್ಶೆಗಳಲ್ಲಿ ಅತ್ಯಂತ ನಿಖರವಾದುದು ಅಜ್ಜನವರದೇ. ನೋಟುಬುಕ್ಕಿನಲ್ಲಿ ಮಾತ್ರ ಅದು ಸೇರಿರಲಿಲ್ಲ. ನನ್ನ ವಿದ್ಯಾರ್ಥಿಯು ಯಂತ್ರದ ತುದಿಯನ್ನು ಕಳಚಿ ತನ್ನ ಸಣ್ಣ ಅಳತೆಯ ತುದಿಗಳೊಡನೆ ಹೋಲಿಸಿ ನೋಡಿದನು. ಅವು ಅದಕ್ಕೆ ಕೂಡಲಿಲ್ಲ. ಸಂಕ್ರಾಂತಿಯ ಬಿಡುವಿನಲ್ಲಿ ಅಜ್ಜನವರನ್ನು ಮೈಸೂರಿಗೆ ಕರೆದೊಯ್ದು ಅಚ್ಚು ತೆಗೆಸುವ ಮಾತು ಆ ಸಂಜೆ ನಡೆಯಿತು.